ಪಿಕಳಾರದ ರೆಕ್ಕೆ ಅಳಿಸಿದ ದಿನ

ಕೈಯಲ್ಲಿದ್ದ ಬಿಳಿ ಬಟ್ಟೆ ಕಂದು ಬಣ್ಣಕ್ಕೆ ತಿರುಗಿದಷ್ಟೂ ನನಗೆ ಖುಷಿಯಾಗುತ್ತಿತ್ತು. ಕೊಳೆ ಬಿಡ್ತಾ ಇದೆ, ಇಷ್ಟು ವರ್ಷ ಯಾರೂ ಈ ಬಣ್ಣದ ಗಾಜಿನ ಕಿಟಕಿಯನ್ನು ಸರಿಯಾಗಿ ಒರೆಸೇ ಇಲ್ಲ ಅಂದುಕೊಂಡೆ. ಹಾಗಾಗಿ ಇನ್ನೂ ಸ್ವಲ್ಪ ಜಾಸ್ತಿ ಒತ್ತಿ ಒರೆಸಿದೆ. ಆ ಎರಡು ನಿಮಿಷ ನೆನಪಾದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆಗೆ ಹೋಗುವಾಗ ಸಿಗುವ ಒಂದು ಹಳೆಯ ಎಸ್ಟೇಟ್ ಬಂಗಲೆಯಲ್ಲಿ ನಾನು ಹೌಸ್‌ಕೀಪಿಂಗ್ ಸೂಪರ್‌ವೈಸರ್. ಬ್ರಿಟಿಷರ ಕಾಲದ ಬಂಗಲೆ, ಈಗ ಹೋಮ್‌ಸ್ಟೇ. ಮೆಟ್ಟಿಲು ತಿರುಗುವ ಜಾಗದಲ್ಲಿ ಆಳೆತ್ತರದ ಒಂದು ಕಿಟಕಿ ಇದೆ. ಬಣ್ಣದ ಗಾಜಿನ ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸಿ, ಕೂಡುವಲ್ಲೆಲ್ಲ ಬೆಸುಗೆ ಹಾಕಿ ಮಾಡಿದ್ದು. ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿದರೆ ನವಿಲುಗಳ ಗಾಜಿನ ಚಾವಣಿ ಕಾಣುತ್ತದಲ್ವಾ, ಅದರ ಎದುರು ನಮ್ಮದು ತುಂಬಾ ಚಿಕ್ಕದು. ಒಂದು ಕೊಂಬೆ, ನಾಲ್ಕು ಹೂ, ಒಂದು ಹಕ್ಕಿ. ಯಾವ ಹಕ್ಕಿ ಎಂದು ಯಾರಿಗೂ ಗೊತ್ತಿಲ್ಲ. ನಾವೆಲ್ಲ ಪಿಕಳಾರ ಎನ್ನುತ್ತೇವೆ. ಬೆಳಿಗ್ಗೆ ಬಿಸಿಲು ಬಿದ್ದಾಗ ಅದರ ಬಣ್ಣ ಮೆಟ್ಟಿಲ ಮೇಲೆ ಹರಡುತ್ತದೆ. ಆ ಹೊತ್ತಿಗೆ ಮೆಟ್ಟಿಲು ಗುಡಿಸುವುದು ನನಗೆ ಇಷ್ಟದ ಕೆಲಸವಾಗಿತ್ತು.

ಮಳೆಗಾಲ ಮುಗಿದಿತ್ತು. ದಸರಾ ರಜೆಗೆ ಎಲ್ಲ ರೂಮೂ ಫುಲ್. ಹೋಮ್‌ಸ್ಟೇಯ ಬೆಂಗಳೂರಿನ ಆಫೀಸಿನಿಂದ ಡೀಪ್ ಕ್ಲೀನ್ ಶೀಟ್, ಅಂದರೆ ಏನೇನು ಸ್ವಚ್ಛ ಮಾಡಬೇಕು ಎಂಬ ಪಟ್ಟಿ, ಬಂತು. ಗಾಜಿನ ಸಾಲಿನಲ್ಲಿ ಇದ್ದದ್ದು ಒಂದೇ ಮಾತು: ಕಲೆ ಇರಬಾರದು. ಶವರ್ ಪಾರ್ಟಿಷನ್‌ಗೂ ಅದೇ, ಕನ್ನಡಿಗೂ ಅದೇ, ಈ ಕಿಟಕಿಗೂ ಅದೇ. ಎರಡು ದಿನ ಟೈಮ್. ಮೂವರು ಹುಡುಗರಲ್ಲಿ ಒಬ್ಬ ರಜೆಯಲ್ಲಿದ್ದ. ಹಳೇ ಕಿಟಕಿಗೆ ಬೇರೆ ಕ್ರಮ ಬೇಕು ಎಂದು ಫೋನಿನಲ್ಲಿ ಹೇಳಿದೆ. ‘ಫೋಟೋ ಗುರುವಾರದೊಳಗೆ ಕಳಿಸಿ’ ಎಂಬ ಉತ್ತರ ಬಂತು.

ಒಂದು ವಿಷಯ ಮಾತ್ರ ನನಗೆ ಮೊದಲೇ ಗೊತ್ತಿತ್ತು. ಅಮೋನಿಯಾ ಇರುವ ಸ್ಪ್ರೇ ಸೀಸಕ್ಕೆ ಆಗುವುದಿಲ್ಲ. ಅದನ್ನು ಹುಡುಗರ ಕೈಯಿಂದ ತೆಗೆದಿಟ್ಟೆ. ಅದರ ಬದಲು ಅಡುಗೆ ಮನೆಯಿಂದ ವಿನೆಗರ್ ತರಿಸಿ ನೀರಿಗೆ ಬೆರೆಸಿದೆ. ಊಟಕ್ಕೆ ಹಾಕುವ ವಸ್ತು, ಅದರಿಂದ ಏನಾಗುತ್ತೆ ಅನಿಸಿತು. ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪ ಬೆಳಗಿ ಬೆಳೆದವಳು ನಾನು. ಹುಳಿ ಬಿದ್ದರೆ ಹೊಳಪು ಬರುತ್ತದೆ ಎಂದೇ ನನ್ನ ಕೈ ಕಲಿತಿತ್ತು.

ಹಕ್ಕಿಯ ಬಲ ರೆಕ್ಕೆಯ ಮೇಲೆ ಮಂಜು ಕವಿದ ಹಾಗೆ ಒಂದು ಕಂದು ಪದರ ಇತ್ತು. ಒಳಗಿನಿಂದ ಅಲ್ಲೇ ಶುರು ಮಾಡಿದೆ. ಬಟ್ಟೆ ಕಂದಾಯಿತು, ಹಿಂಡಿದೆ, ಮತ್ತೆ ಒರೆಸಿದೆ. ಅಂಗೈ ಊರಿ ಒತ್ತಿದಾಗ ಕಿಟಕಿ ‘ಕಿರ್’ ಎಂದಿತು. ಕೈ ತೆಗೆದೆ. ಸೀಸದ ಪಟ್ಟಿಯ ಸಂದಿಯಿಂದ, ಗಾಜು ಅಲ್ಲಾಡದಂತೆ ತುಂಬಿದ್ದ ಪುಟ್ಟಿ ಒಣಗಿ ಪುಡಿಯಾಗಿ ಮೆಟ್ಟಿಲ ಮೇಲೆ ಉದುರಿತು. ಆಗ ಓರೆಯಾಗಿ ನಿಂತು ನೋಡಿದೆ. ಹಳೇ ಗೋಡೆ ಹೊಟ್ಟೆ ಬಿಡುತ್ತದಲ್ಲ, ಹಾಗೇ ಕಿಟಕಿಯ ನಡುಭಾಗ ಹೊರಗೆ ಉಬ್ಬಿತ್ತು. ಹಿಂದಿನ ಕಬ್ಬಿಣದ ಸರಳಿಗೆ ಕಟ್ಟಿದ್ದ ತಾಮ್ರದ ತಂತಿಗಳಲ್ಲಿ ಎರಡು ಬಿಟ್ಟುಕೊಂಡಿದ್ದವು. ಕೈಕಾಲು ತಣ್ಣಗಾಯಿತು. ಇಡೀ ಕಿಟಕಿ ಕಳಚಿ ಬೀಳುತ್ತೆ ಅಂದುಕೊಂಡು, ಹುಡುಗನಿಗೆ ‘ಏಣಿ ಮುಟ್ಟಬೇಡ, ಅಲ್ಲೇ ನಿಲ್ಲು’ ಎಂದೆ. ಅವನು ನಿಂತ. ನಾನೂ ನಿಂತೆ. ಎಷ್ಟು ಹೊತ್ತೋ.

ಏನೂ ಬೀಳಲಿಲ್ಲ. ಆಮೇಲೆ ಅವನೇ ಮೆಲ್ಲಗೆ ಕೇಳಿದ, ‘ಅಕ್ಕಾ, ಆ ರೆಕ್ಕೆಯಲ್ಲಿ ಗೆರೆ ಇತ್ತಲ್ವಾ?’

ಇತ್ತು. ಎಡ ರೆಕ್ಕೆಯಲ್ಲಿ ಇನ್ನೂ ಇದೆ. ಕೂದಲೆಳೆಯಷ್ಟು ಸಣ್ಣ ಗೆರೆಗಳು, ಒಂದೊಂದು ಗರಿಗೂ ಬೇರೆ. ಬಲ ರೆಕ್ಕೆಯಲ್ಲಿ ಬರೀ ಹಳದಿ ಗಾಜು ಉಳಿದಿತ್ತು. ಗರಿಗಳೆಲ್ಲ ನನ್ನ ಬಟ್ಟೆಯಲ್ಲಿದ್ದವು.

ಚರ್ಚ್ ಕಿಟಕಿಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರನ್ನು ಎಸ್ಟೇಟಿನ ಸಾಹುಕಾರ್ರು ಬೆಂಗಳೂರಿನಿಂದ ಕರೆಸಿದರು. ಅವರು ನನ್ನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ಇಂಥ ಕಿಟಕಿಗಳಲ್ಲಿ ಸಾಮಾನ್ಯವಾಗಿ ಹಸಿರು, ಕೆಂಪು ಬಣ್ಣ ಗಾಜಿನಲ್ಲೇ ಇರುತ್ತದೆ, ಒರೆಸಿದರೆ ಹೋಗಲ್ಲ. ಕಪ್ಪು, ಕಂದು ಗೆರೆ ಮತ್ತು ನೆರಳನ್ನು ಮೇಲೆ ಬರೆದಿರುತ್ತಾರೆ. ಗಾಜಿನ ನುಣ್ಣನೆ ಪುಡಿಗೆ ಕಬ್ಬಿಣ, ತಾಮ್ರದ ಆಕ್ಸೈಡ್ ಸೇರಿಸಿ ಬರೆದು, 600 ಡಿಗ್ರಿ ದಾಟಿದ ಗೂಡಿನಲ್ಲಿ ಸುಡುತ್ತಾರೆ. ಆ ಸುಡುವಿಕೆ ಕಡಿಮೆಯಾಗಿದ್ದರೆ ಬಣ್ಣ ಗಾಜಿಗೆ ಪೂರ್ತಿ ಅಂಟಿರುವುದಿಲ್ಲ. ನಮ್ಮೂರಿನ ಥಂಡಿ, ತೇವ ಅದನ್ನು ಇನ್ನಷ್ಟು ಸಡಿಲ ಮಾಡುತ್ತದೆ. ಹೆಚ್ಚಾಗಿ ಬರೆದಿರುವುದು ಒಳಮುಖದಲ್ಲೇ. ನಾನು ತಿಕ್ಕಿದ್ದೂ ಒಳಮುಖವನ್ನೇ.

ವಿನೆಗರ್ ವಾಸನೆ ಅವರಿಗೆ ದೂರದಿಂದಲೇ ಗೊತ್ತಾಯಿತು. ಆ ಹುಳಿ ಸೀಸವನ್ನು ತಿನ್ನುತ್ತದಂತೆ. ಪಟ್ಟಿಯ ಮೇಲಿನ ಮಾಸಲು ಬೂದು ಪದರವೇ ಅದಕ್ಕೆ ರಕ್ಷಣೆ, ಅದನ್ನು ಬೆಳಗಲೇಬಾರದು. ಕೆಳಗಿನ ಮೂಲೆಯಲ್ಲಿ ಬಿಳಿ ಪುಡಿ ಎದ್ದಿತ್ತು. ಹಿಂದಿನ ವರ್ಷ ಮಳೆ ನೀರು ಬರುತ್ತದೆ ಎಂದು ಮೇಂಟೆನೆನ್ಸ್‌ನವರು ಅಲ್ಲಿ ಸಿಲಿಕೋನ್ ತುಂಬಿದ್ದರು, ಹುಳಿ ವಾಸನೆ ಬರುವ ಜಾತಿಯದ್ದು. ಅದು ಒಣಗುವಾಗ ಬಿಡುವುದೂ ಇದೇ ಆಮ್ಲ.

ಈಗ ನಾವು ಮಾಡುವ ಕ್ರಮ ಬೇರೆ. ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ಗೆರೆ, ನೆರಳು ಎಲ್ಲೆಲ್ಲಿದೆ ನೋಡುತ್ತೇನೆ. ಗೆರೆ ಇರುವ ಗಾಜನ್ನು ಮುಟ್ಟುವುದೇ ಇಲ್ಲ. ಬೇರೆ ಗಾಜಿಗೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಹತ್ತಿ ಕಡ್ಡಿಯನ್ನು ಅದರಲ್ಲಿ ಅದ್ದಿ, ಹಿಂಡಿ, ಮೂಲೆಯಲ್ಲಿ ಒಂದು ಚುಕ್ಕಿಯಷ್ಟು ಜಾಗದಲ್ಲಿ ಉರುಳಿಸುತ್ತೇನೆ. ತಿಕ್ಕುವುದಿಲ್ಲ. ಕಡ್ಡಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸುವುದು. ನೀರು ಚಿಮುಕಿಸುವುದಿಲ್ಲ, ಪಟ್ಟಿಯ ಸಂದಿಗೆ ಇಳಿಯುತ್ತದೆ. ಹೊರಗಿನ ಪಾಚಿಗೆ ಬ್ಲೇಡ್ ಬೇಡ, ನೆನೆಸಿದ ಬಿದಿರು ಕಡ್ಡಿ ಸಾಕು. ಒಬ್ಬರು ಒರೆಸುವಾಗ ಇನ್ನೊಬ್ಬರು ಆಚೆಯಿಂದ ಅಂಗೈ ಕೊಟ್ಟು ನಿಲ್ಲಬೇಕು.

ಇನ್ನೊಂದು ಮಾತು, ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ. ಸೀಸ ವಿಷ. ಆ ಬಿಳಿ ಪುಡಿ ಕೈಗೆ ಹತ್ತಿದರೆ ಬಾಯಿಗೆ ಹೋಗಲು ಎಷ್ಟು ಹೊತ್ತು? ನಮ್ಮಲ್ಲಿ ಕೆಲಸದ ಮಧ್ಯೆ ಎಲೆ ಅಡಿಕೆ ಹಾಕುವವರೇ ಜಾಸ್ತಿ. ಗ್ಲೌಸ್ ಹಾಕದೆ ಆ ಕಿಟಕಿಯ ಹತ್ತಿರ ಯಾರನ್ನೂ ಬಿಡುವುದಿಲ್ಲ, ಸೋಪು ಹಚ್ಚಿ ಕೈ ತೊಳೆಯದೆ ಎಲೆಯ ಚೀಲ ಮುಟ್ಟುವಂತಿಲ್ಲ. ಒಣ ಪೊರಕೆಯೂ ಅಲ್ಲಿ ಬೇಡ, ಒದ್ದೆ ಬಟ್ಟೆಯಲ್ಲೇ ಪುಡಿ ತೆಗೆಯಬೇಕು. ಆಫೀಸಿನ ಶೀಟಿನಲ್ಲಿ ಇದರ ಒಂದು ಸಾಲೂ ಇಲ್ಲ. ಮೂರು ಸಲ ಬರೆದು ಕಳಿಸಿದ್ದೇನೆ.

ಹಳೇ ಗಾಜಿನ ಮೇಲೆ ಮತ್ತೆ ಬರೆದು ಸುಡುವುದು ಅಪಾಯ ಎಂದರು ಆ ಹಿರಿಯರು. ಬಣ್ಣವಿಲ್ಲದ ತೆಳು ಗಾಜಿನ ಮೇಲೆ ಗರಿಗಳನ್ನು ಬರೆದು, ಸುಟ್ಟು, ಹಳದಿ ಗಾಜಿನ ಹಿಂದೆ ಕೂರಿಸಬಹುದಂತೆ. ಅದಕ್ಕೆ ಹಳೇ ರೆಕ್ಕೆಯ ಫೋಟೋ ಬೇಕು. ನಮ್ಮ ಹತ್ತಿರ ಇದ್ದದ್ದೆಲ್ಲ ದೂರದಿಂದ ತೆಗೆದದ್ದು. ಕೊನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಅವರ ಫೋನಿನಲ್ಲಿ ಒಂದು ಸಿಕ್ಕಿತು. ಅವರ ಮಗಳು ಆರು ವರ್ಷದವಳಿದ್ದಾಗ ಆ ಕಿಟಕಿಗೆ ಒರಗಿ ನಿಂತಿದ್ದಾಳೆ. ತಲೆಯ ಪಕ್ಕದಲ್ಲೇ ಬಲ ರೆಕ್ಕೆ, ಗರಿಗಳನ್ನು ಎಣಿಸಬಹುದು. ಹನ್ನೊಂದು. ಎಸ್ಟಿಮೇಟ್ ಜೊತೆ ಅದನ್ನು ಆಫೀಸಿಗೆ ಕಳಿಸಿದ್ದೇನೆ. ಒಪ್ಪಿಗೆ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ಫೋನ್ ಮಾಡುತ್ತಿದ್ದೇನೆ.