"ಯಾಕಮ್ಮ ಇಷ್ಟು ತಡ?" ಅಂತ ಕೇಳೋದನ್ನು ಬಿಟ್ಟೆ

ಸ್ತನ ಕ್ಯಾನ್ಸರ್ ಓಪಿಡಿಯಲ್ಲಿ ನರ್ಸ್ ಆಗಿ ಸೇರಿದ ಹೊಸತರಲ್ಲಿ ಬಂದವರಿಗೆಲ್ಲ ನನ್ನದು ಒಂದೇ ಪ್ರಶ್ನೆ: "ಯಾಕಮ್ಮ ಇಷ್ಟು ತಡ ಮಾಡಿದಿರಿ?" ಬೈಯುವ ಉದ್ದೇಶ ಇರಲಿಲ್ಲ. ಆದರೂ ಕೇಳಿದ ಕೂಡಲೇ ಅವರ ತಲೆ ತಗ್ಗುತ್ತಿತ್ತು. "ನೋವಿರಲಿಲ್ಲ ಸಿಸ್ಟರ್" ಅನ್ನುತ್ತಿದ್ದರು. ನಾನು "ತಡವಾಗಿ ಬಂದಿದ್ದಾರೆ" ಅಂತ ಫೈಲಿನಲ್ಲಿ ಬರೆದು ಮುಂದಿನವರನ್ನು ಕರೆಯುತ್ತಿದ್ದೆ.

ಒಂದು ದಿನ ನಲವತ್ತರ ಆಸುಪಾಸಿನ ಒಬ್ಬರು ತಲೆ ತಗ್ಗಿಸಲಿಲ್ಲ. ಚೀಲದಿಂದ ಒಂದೊಂದೇ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಗಂಟು ಕೈಗೆ ಸಿಕ್ಕ ವಾರದಲ್ಲೇ ಅವರು ಡಾಕ್ಟರ ಹತ್ತಿರ ಹೋಗಿದ್ದರು. "ಹಾಲಿನ ಗಂಟು, ಕರಗುತ್ತೆ" ಅಂತ ಮಾತ್ರೆ ಕೊಟ್ಟು ಕಳಿಸಿದ್ದರು. ಅವರ ಕಿರಿಯ ಮಗ ಆಗಲೇ ಹೈಸ್ಕೂಲಿನಲ್ಲಿದ್ದ, ಹಾಲೆಲ್ಲಿಂದ ಬಂತೋ! ಮತ್ತೆ ಹೋದರು, ಇನ್ನೊಂದು ಕೋರ್ಸ್ ಮಾತ್ರೆ. ಮೂರನೇ ಕಡೆ ಸ್ಕ್ಯಾನಿಂಗ್ ಬರೆದರು, ಅಲ್ಲಿ ಮಷಿನ್ ಕೆಟ್ಟಿತ್ತು. ನಮ್ಮಲ್ಲಿಗೆ ಬರುವಷ್ಟರಲ್ಲಿ ಏಳು ತಿಂಗಳು ಕಳೆದಿತ್ತು. ಕಂಕುಳಲ್ಲೂ ಗಂಟು ಎದ್ದಿತ್ತು.

"ತಡ ಮಾಡಿದ್ದು ನಾನಾ ಸಿಸ್ಟರ್?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಡ ದೇಶಗಳಲ್ಲಿ, ಬೆಳೆಯುತ್ತಿರುವ ದೇಶಗಳಲ್ಲಿ ಬಹಳಷ್ಟು ಹೆಂಗಸರಿಗೆ ಈ ರೋಗ ಪತ್ತೆಯಾಗುವುದೇ ಮುಂದುವರಿದ ಮೇಲೆ. ಯಾಕೆ ಅಂದರೆ ನಾವೆಲ್ಲ ಥಟ್ಟನೆ "ಅರಿವಿಲ್ಲ" ಅನ್ನುತ್ತೇವೆ. ಅದು ಅರ್ಧ ನಿಜ ಅಷ್ಟೇ. ಉಳಿದರ್ಧ ನಮ್ಮ ಕಡೆಯದು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸ್ತನ ಕ್ಯಾನ್ಸರ್‌ಗಾಗಿಯೇ ಒಂದು ಕಾರ್ಯಕ್ರಮ ಶುರುಮಾಡಿತು. ಅದರ ಗುರಿಗಳಲ್ಲಿ ಒಂದು ನನಗೆ ತುಂಬಾ ಹಿಡಿಸಿತು: ಮೊದಲ ಸಲ ತೋರಿಸಿಕೊಂಡ 60 ದಿನದೊಳಗೆ ರೋಗ ಏನು ಅಂತ ಖಚಿತವಾಗಬೇಕು. ಅಂದರೆ ಆಕೆ ಬಾಗಿಲಿಗೆ ಬಂದ ದಿನದಿಂದ ಲೆಕ್ಕ ನಮ್ಮದು.

ಈಗ ನಾನು ಕೇಳುವುದು, "ಮೊದಲು ಯಾವಾಗ ಗೊತ್ತಾಯಿತು? ಆಮೇಲೆ ಎಲ್ಲೆಲ್ಲಿ ತೋರಿಸಿದಿರಿ?" ಫೈಲಿನ ಮೊದಲ ಪುಟದಲ್ಲೇ ತಾರೀಖುಗಳನ್ನು ಬರೆಯುತ್ತೇನೆ. ಗಂಟು ಕಂಡದ್ದು, ಮೊದಲು ತೋರಿಸಿದ್ದು, ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷಿಸುವುದು), ರಿಪೋರ್ಟ್, ಚಿಕಿತ್ಸೆ ಶುರುವಾದದ್ದು. ಫೋನ್ ನಂಬರ್ ಯಾರದು ಅಂತಲೂ ಕೇಳುತ್ತೇನೆ. ಎಷ್ಟೋ ಫೈಲಿನಲ್ಲಿ ಇರುವುದು ಮಗನದೋ ಗಂಡನದೋ ನಂಬರ್. ಅವರು ಕೆಲಸದ ಮಧ್ಯೆ ಫೋನ್ ಎತ್ತಲ್ಲ, ರಿಪೋರ್ಟ್ ಸುಮ್ನೆ ಕಪಾಟಿನಲ್ಲಿ ಕೂತಿರುತ್ತದೆ.

ಜಾಗೃತಿ ಶಿಬಿರದಲ್ಲಿ ಮಾತಾಡುವ ರೀತಿಯೂ ಬದಲಾಗಿದೆ. ಮೊದಲೆಲ್ಲ ತಿಂಗಳಿಗೊಮ್ಮೆ ಹೀಗೇ ಬೆರಳಿಟ್ಟು ಮುಟ್ಟಿ ನೋಡಿಕೊಳ್ಳಿ ಅಂತ ಪಾಠ ಮಾಡುತ್ತಿದ್ದೆ. ಆದರೆ ಚೀನಾದ ಶಾಂಘೈನಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಕಾರ್ಖಾನೆ ಹೆಂಗಸರನ್ನು ಸೇರಿಸಿಕೊಂಡು, ಅರ್ಧದಷ್ಟು ಜನಕ್ಕೆ ಇದನ್ನೇ ಕಲಿಸಿ ನೋಡಿದ್ದರು. 2002ರಲ್ಲಿ ಬಂದ ಫಲಿತಾಂಶದಲ್ಲಿ ಸ್ತನ ಕ್ಯಾನ್ಸರ್ ಸಾವು ಕಡಿಮೆಯಾಗಿರಲಿಲ್ಲ, ಬಯಾಪ್ಸಿ ಮಾತ್ರ ಹೆಚ್ಚಾಗಿತ್ತು. ಮುಂಬೈಯಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಿದರು. ಅಲ್ಲಿ 50 ದಾಟಿದವರಲ್ಲಿ ಈ ರೋಗದ ಸಾವು ಸುಮಾರು ಶೇ. 30 ಇಳಿಯಿತು. ಅದಕ್ಕಿಂತ ಚಿಕ್ಕವರಲ್ಲಿ ಇಳಿಯಲಿಲ್ಲ, ಅದನ್ನೂ ಹೇಳಲೇಬೇಕು ಅಲ್ವಾ. ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಮಷಿನ್ ಇಲ್ಲದ ಕಡೆ ಮುಟ್ಟಿ ನೋಡಬಲ್ಲ ಒಬ್ಬ ಕಾರ್ಯಕರ್ತೆ ಇದ್ದರೂ ಎಷ್ಟೋ ವಾಸಿ ಅಂತ ನನಗನ್ನಿಸುತ್ತದೆ.

ಶಿಬಿರದಲ್ಲಿ ಈಗ ಹೇಳುವುದು ಇಷ್ಟೇ: ಹೊಸ ಗಂಟು, ಚರ್ಮದಲ್ಲಿ ಕುಳಿ, ಒಳಗೆ ಎಳೆದುಕೊಂಡ ತೊಟ್ಟು, ತೊಟ್ಟಿನಿಂದ ರಕ್ತ ಕಂಡರೆ ನೋವು ಬರಲಿ ಅಂತ ಕಾಯಬೇಡಿ. ಹೆಚ್ಚಿನ ಗಂಟುಗಳು ಕ್ಯಾನ್ಸರ್ ಅಲ್ಲ. ಆದರೆ ಮಾತ್ರೆ ನುಂಗಿದ ಮೇಲೂ ಗಂಟು ಹಾಗೇ ಇದ್ದರೆ "ಪರೀಕ್ಷೆ ಬರೆದುಕೊಡಿ" ಅಂತ ನೀವೇ ಕೇಳಿ.

ಮೊನ್ನೆ ಫೈಲುಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ನಮ್ಮಲ್ಲೇ ಜಾಸ್ತಿ ದಿನ ಹಿಡಿದದ್ದು ಬಯಾಪ್ಸಿ ಸ್ಯಾಂಪಲ್ ಲ್ಯಾಬಿಗೆ ಹೋಗುವುದಕ್ಕೆ. ವಾರಕ್ಕೆ ಒಂದೇ ದಿನ ಕಳಿಸುತ್ತಿದ್ದೆವು. ಈಗ ಎರಡು ದಿನ ಕಳಿಸುತ್ತೇವೆ. ಅಷ್ಟಕ್ಕೆ ಮೂರು ಮೀಟಿಂಗ್ ಬೇಕಾಯಿತು.