ಸರ್ಟಿಫಿಕೇಟ್ ಆಮೇಲೆ, ಮೊದಲು ನರ ಹಿಡಿಯೋದು ಕಲಿ

ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಪಾರ್ಸೆಲ್ ಬಿಚ್ಚುತ್ತಿದ್ದೆ, ಅಕ್ಕನ ಮಗಳ ಫೋನ್ ಬಂತು. ಹೊಸದುರ್ಗದ ಹುಡುಗಿ. ಚಿತ್ರದುರ್ಗದಲ್ಲಿ ಬಿಎಸ್ಸಿ ಎಂಎಲ್‌ಟಿ, ಅಂದರೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುತ್ತಿದ್ದಾಳೆ, ಮೂರನೇ ವರ್ಷದ ಪರೀಕ್ಷೆ ಮುಗಿದಿದೆ. "ಚಿಕ್ಕಮ್ಮ, ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋಗ್ಲಾ, ದಾವಣಗೆರೆಗೆ ಬರ್ಲಾ?" ಅಂದಳು. ಬೆಂಗಳೂರಲ್ಲಿ ಯಾವುದೋ ದೊಡ್ಡ ಆಸ್ಪತ್ರೆಯಂತೆ, ಗಾಜಿನ ಕಟ್ಟಡವಂತೆ, ಪ್ರತಿ ತಿಂಗಳು ನಾವೇ ದುಡ್ಡು ಕಟ್ಟಬೇಕಂತೆ, ಕೊನೆಗೆ ಬಣ್ಣದ ಸರ್ಟಿಫಿಕೇಟ್ ಕೊಡುತ್ತಾರಂತೆ.

ನಾನು ದೋಸೆ ಆರುವುದನ್ನೇ ನೋಡುತ್ತಾ ಒಂದು ಮಾತು ಕೇಳಿದೆ. "ಅಲ್ಲಿ ನಿನ್ನ ಕೈಗೆ ಸೂಜಿ ಕೊಡ್ತಾರಾ?"

ಅವಳಿಗೆ ಗೊತ್ತಿರಲಿಲ್ಲ. ಕೇಳೇ ಇರಲಿಲ್ಲ.

ವರ್ಷಕ್ಕೆ ಇಂಥ ಹತ್ತು ಫೋನ್ ಆದರೂ ಬರುತ್ತವೆ. ಪಕ್ಕದ ಮನೆಯವರ ಮಗ, ಕಾಲೇಜಿನ ಜೂನಿಯರ್ಸು, ಒಂದು ಸಲ ತರಕಾರಿ ಅಂಗಡಿಯವರ ತಂಗಿ ಕೂಡ. ಎಲ್ಲರಿಗೂ ಹೇಳಿದ್ದನ್ನೇ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ನಾನು ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಹಾಗಾಗಿ ಲ್ಯಾಬ್ ಬಗ್ಗೆ ಜಾಸ್ತಿ ಹೇಳುತ್ತೇನೆ, ಉಳಿದದ್ದು ಜೊತೆಯವರನ್ನು ನೋಡಿ ತಿಳಿದದ್ದು.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಓದು ಮುಗಿದ ಹೊಸದರಲ್ಲಿ ಒಂದು ಕಡೆ "ಒಂದು ತಿಂಗಳ ಪ್ರಾಕ್ಟಿಕಲ್ ಟ್ರೇನಿಂಗ್, ಕೆಲಸ ಗ್ಯಾರಂಟಿ" ಅಂತ ಬೋರ್ಡ್ ನೋಡಿ ಆರು ಸಾವಿರ ಕಟ್ಟಿದ್ದೆ. ಅಪ್ಪ ಮೆಕ್ಕೆಜೋಳ ಮಾರಿದ ದುಡ್ಡು ಅದು. ಹೆಸರು ಬೇಡ, ಈಗ ಆ ಬೋರ್ಡೂ ಇಲ್ಲ. ಒಂದು ತಿಂಗಳು ನಾನು ಮಾಡಿದ್ದು ಏನು ಗೊತ್ತಾ? ರಿಜಿಸ್ಟರಿನಲ್ಲಿ ರೋಗಿಗಳ ಹೆಸರು ಬರೆದೆ, ವಯಸ್ಸು ಬರೆದೆ, ಫೋನ್ ಬಂದರೆ "ರಿಪೋರ್ಟ್ ಸಂಜೆ ಸಿಗುತ್ತೆ" ಅಂದೆ. ಸೂಜಿ ಮುಟ್ಟಲು ಹೋದರೆ "ನೋಡಿ ಕಲೀರಿ ಮೊದಲು" ಅನ್ನುತ್ತಿದ್ದರು. ನೋಡಿ ಕಲಿಯೋದಾಗಿದ್ದರೆ ಮನೆಯಲ್ಲೇ ಯೂಟ್ಯೂಬ್ ನೋಡುತ್ತಿದ್ದೆನಲ್ಲ! ಕೊನೆಯ ದಿನ ಸರ್ಟಿಫಿಕೇಟ್ ಕೊಟ್ಟರು. ಅದರಲ್ಲಿ ನನ್ನ ಇನಿಶಿಯಲ್ ತಪ್ಪಿತ್ತು.

ಆಮೇಲೆ ಕಲಿತದ್ದೆಲ್ಲ ಒಂದು ಸಣ್ಣ ಆಸ್ಪತ್ರೆಯ ಕಲೆಕ್ಷನ್ ರೂಮಿನಲ್ಲಿ. ಎರಡು ಕುರ್ಚಿ, ಒಂದು ಟೇಬಲ್ಲು, ಕಿರ್ ಕಿರ್ ಅನ್ನುವ ಫ್ಯಾನು. ಮೊದಲ ದಿನವೇ ಅಲ್ಲಿದ್ದ ಸೀನಿಯರ್ ಮೇಡಂ ಟೂರ್ನಿಕೇಟ್, ಅದೇ ರಕ್ತ ತೆಗೆಯುವ ಮೊದಲು ತೋಳಿಗೆ ಬಿಗಿಯುವ ಪಟ್ಟಿ, ನನ್ನ ಕೈಗಿಟ್ಟು "ಮುಂದಿನವರು ನಿಮ್ಮವರು" ಅಂದರು. ಬಂದವರು ಜಗಳೂರು ಕಡೆಯ ಒಬ್ಬ ಅಜ್ಜ. ಬಿಸಿಲಲ್ಲಿ ದುಡಿದ ಚರ್ಮ, ಗೋಣಿಚೀಲದ ಥರ. ನರ, ಅಂದರೆ ರಕ್ತನಾಳ, ಎಲ್ಲಿದೆ ಅಂತ ಕಣ್ಣಿಗೆ ಕಾಣುವುದೇ ಇಲ್ಲ. ನನ್ನ ಕೈ ನಡುಗುತ್ತಿತ್ತು. ಅಜ್ಜ ನೋಡಿದರು, ನಕ್ಕರು. "ಚುಚ್ಚವ್ವ, ಹೆದರಬ್ಯಾಡ. ಎತ್ತಿಗೆ ಇಂಜೆಕ್ಷನ್ ನಾನೇ ಹಾಕೀನಿ, ಅದೂ ಒದ್ದಿಲ್ಲ" ಅಂದರು. ಕಣ್ಣಲ್ಲಿ ಹುಡುಕಬೇಡಿ, ಬೆರಳಲ್ಲಿ ಹುಡುಕಿ ಅಂತ ಮೇಡಂ ಹಿಂದಿನಿಂದ ಹೇಳಿದರು. ಮೊಣಕೈ ಒಳಬದಿಯಲ್ಲಿ ತೋರುಬೆರಳು ಒತ್ತುತ್ತಾ ಹೋದೆ. ಒಂದು ಕಡೆ ಸ್ಪ್ರಿಂಗಿನ ಹಾಗೆ ಒತ್ತಿದರೆ ಕೆಳಗೆ ಹೋಗಿ ಮತ್ತೆ ಮೇಲೆ ಬಂತು. ಅದೇ ನರ. ಸೂಜಿ ಒಳಗೆ ಹೋಗಿ ಟ್ಯೂಬಿನಲ್ಲಿ ಕೆಂಪು ಗೆರೆ ಏರಿದಾಗ ಆದ ಖುಷಿ ನನಗೆ ಮಾರ್ಕ್ಸ್ ಕಾರ್ಡ್ ನೋಡಿದಾಗ ಕೂಡ ಆಗಿರಲಿಲ್ಲ.

ಅದಾಗಿ ಎರಡು ವಾರಕ್ಕೆ ಒಂದು ಎಡವಟ್ಟು ಮಾಡಿದೆ. ಮಳೆಗಾಲ, ಡೆಂಗ್ಯೂ ಹಾವಳಿ, ಬೆಳಿಗ್ಗೆ ಏಳಕ್ಕೇ ಬಾಗಿಲ ಮುಂದೆ ಸಾಲು. ಒಬ್ಬ ಹುಡುಗನ ರಕ್ತ ತೆಗೆದು ನೇರಳೆ ಮುಚ್ಚಳದ ಟ್ಯೂಬ್ ಸ್ಟ್ಯಾಂಡಿಗಿಟ್ಟು ಮುಂದಿನವರನ್ನು ಕರೆದೆ. ಅವನ ಪ್ಲೇಟ್ಲೆಟ್ 38 ಸಾವಿರ ಅಂತ ಮಷಿನ್ ಹೇಳಿತು, ಹೆದರಿಸುವಷ್ಟು ಕಮ್ಮಿ. ಅವರಮ್ಮ ಅಲ್ಲೇ ಬೆಂಚಿನ ಮೇಲೆ ಕೂತಿದ್ದರು. ರಿಪೋರ್ಟ್ ಪ್ರಿಂಟ್ ಕೊಡಲು ಹೊರಟಿದ್ದೆ, ಮೇಡಂ ತಡೆದರು. ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದು, ಕಡ್ಡಿ ಒಳಗೆ ಬಿಟ್ಟು ತಿರುಗಿಸಿದರು. ಕಡ್ಡಿಗೆ ಕಪ್ಪು ದಾರದಂಥ ಗಡ್ಡೆ ಸುತ್ತಿಕೊಂಡು ಬಂತು. ನೇರಳೆ ಟ್ಯೂಬಿನಲ್ಲಿ ಇಡಿಟಿಎ ಇರುತ್ತೆ, ಅದು ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತೆ, ಆದರೆ ಅದು ರಕ್ತದಲ್ಲಿ ಬೆರೆಯಬೇಕಲ್ಲ. ತೆಗೆದ ತಕ್ಷಣ ಮೆಲ್ಲಗೆ ಎಂಟು ಹತ್ತು ಸಲ ಮೇಲೆ ಕೆಳಗೆ ಮಾಡಬೇಕು. ನಾನು ಮಾಡಿರಲಿಲ್ಲ. ಪ್ಲೇಟ್ಲೆಟ್ ಎಲ್ಲಾ ಗಡ್ಡೆಯಲ್ಲಿ ಸಿಕ್ಕಿಕೊಂಡು ಲೆಕ್ಕಕ್ಕೆ ಸಿಗದೆ ಹೋಗಿತ್ತು. ಮತ್ತೆ ತೆಗೆದಾಗ 1 ಲಕ್ಷ 42 ಸಾವಿರ ಬಂತು. ಮೇಡಂ ನನಗೆ ಬೈಯಲಿಲ್ಲ, "ಆ ತಾಯಿ ಹತ್ರ ಹೋಗಿ ನೀವೇ ಹೇಳಿ, ಮತ್ತೆ ಯಾಕೆ ಚುಚ್ಚಿದ್ವಿ ಅಂತ" ಅಂದರು. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಇದು ಪುಸ್ತಕದಲ್ಲಿ ಇರಲಿಲ್ಲವಾ? ಇತ್ತು, ನಾನೇ ಪರೀಕ್ಷೆಯಲ್ಲಿ ಬರೆದಿದ್ದೆ. ನೀಲಿ ಟ್ಯೂಬನ್ನು ಗೆರೆವರೆಗೆ ತುಂಬಿಸಲೇಬೇಕು, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಇಲ್ಲದಿದ್ದರೆ ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಪಿಟಿ ರಿಪೋರ್ಟ್ ತಪ್ಪಾಗುತ್ತೆ. ಶುಗರ್‌ಗೆ ಬೂದು ಮುಚ್ಚಳ, ಯಾಕಂದರೆ ಅದರಲ್ಲಿರುವ ಫ್ಲೋರೈಡ್ ಇಲ್ಲದಿದ್ದರೆ ರಕ್ತಕಣಗಳೇ ಸಕ್ಕರೆ ತಿಂದುಬಿಡುತ್ತವೆ. ಇದೆಲ್ಲ ಬಾಯಿಪಾಠ ಇತ್ತು. ಆದರೆ ಬಾಗಿಲಲ್ಲಿ ನಲವತ್ತು ಜನ ನಿಂತಾಗ ಕೈಗೆ ನೆನಪಿರಬೇಕಲ್ವಾ, ತಲೆಗಲ್ಲ.

ಅದಕ್ಕೇ ನಾನು ಅಕ್ಕನ ಮಗಳಿಗೆ ಹೇಳಿದ್ದು, ಆಸ್ಪತ್ರೆ ಹೆಸರು ನೋಡಬೇಡ, ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತೆ, ಅದರಲ್ಲಿ ಇಂಟರ್ನ್‌ಗಳು ಎಷ್ಟು ತೆಗೆಯುತ್ತಾರೆ ಅಂತ ಕೇಳು. ಪಾಠ ಹೇಳುವವರನ್ನು ಕೇಳಿದರೆ ಎಲ್ಲವೂ ಚೆನ್ನಾಗಿದೆ ಅನ್ನುತ್ತಾರೆ. ಹೋದ ವರ್ಷ ಅಲ್ಲಿದ್ದ ಇಂಟರ್ನ್ ಹುಡುಗಿಯನ್ನು ಹುಡುಕಿ ಒಂದು ಟೀ ಕುಡಿಸಿ ಕೇಳಿದರೆ ನಿಜ ಹೊರಗೆ ಬರುತ್ತೆ. ನೈಟ್ ಡ್ಯೂಟಿ ಇದೆಯಾ, ಬ್ಲಡ್ ಬ್ಯಾಂಕ್ ಪೋಸ್ಟಿಂಗ್ ಇದೆಯಾ, ಮೈಕ್ರೋಬಯಾಲಜಿಯಲ್ಲಿ ರೋಗಾಣು ಬೆಳೆಸುವ ಪ್ಲೇಟ್ ನೋಡಲು ಬಿಡುತ್ತಾರಾ ಅಥವಾ ತೊಳೆಯಲು ಮಾತ್ರಾನಾ, ಸ್ಟೈಪೆಂಡ್ ಕೊಡುತ್ತಾರಾ ಅಥವಾ ನಮ್ಮಿಂದಲೇ ತಗೊಳ್ಳುತ್ತಾರಾ. ದುಡ್ಡು ಕಟ್ಟುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಟ್ಟುವ ಮೊದಲು ಏನು ಮಾಡಿಸುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ, ಕೊಡದಿದ್ದರೆ ಎದ್ದು ಬನ್ನಿ.

ಈ ವಿಷಯದಲ್ಲಿ ನಮ್ಮೂರನ್ನು ಬಿಟ್ಟುಕೊಡಲು ನನಗೆ ಇಷ್ಟವಿಲ್ಲ. 1965ರಲ್ಲೇ ಇಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾಯಿತು, ಆಮೇಲೆ ಎಸ್‌ಎಸ್ ಮೆಡಿಕಲ್ ಕಾಲೇಜು ಬಂತು. ಚಿಗಟೇರಿ ಜಿಲ್ಲಾಸ್ಪತ್ರೆ, ಬಾಪೂಜಿ ಆಸ್ಪತ್ರೆ, ಡೆಂಟಲ್ಲು, ನರ್ಸಿಂಗು, ಫಾರ್ಮಸಿ, ಎಲ್ಲಾ ಒಂದೇ ಊರಲ್ಲಿ. ಹರಪನಹಳ್ಳಿ, ಹರಿಹರ, ಚನ್ನಗಿರಿ, ರಾಣೆಬೆನ್ನೂರು ಕಡೆಯಿಂದೆಲ್ಲ ರೋಗಿಗಳು ಬರುತ್ತಾರೆ. ಅಂದರೆ ಒಂದೇ ವಾರದಲ್ಲಿ ಹಾವು ಕಚ್ಚಿದ್ದೂ ನೋಡಬಹುದು, ಹೊಲಕ್ಕೆ ಹೊಡೆಯುವ ಔಷಧಿ ಕುಡಿದದ್ದೂ ನೋಡಬಹುದು. ಚಿತ್ರದುರ್ಗದಲ್ಲಿ ಬಸವೇಶ್ವರ ಮೆಡಿಕಲ್ ಕಾಲೇಜು ಮೊದಲೇ ಇತ್ತು, 2023ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೂ ಶುರುವಾಗಿದೆ. ಎರಡೂ ಊರಿಗೆ ಮಧ್ಯೆ ಸುಮಾರು 60 ಕಿಲೋಮೀಟರ್, ಹೈವೇ ಮೇಲೆ ಸರ್ಕಾರಿ ಬಸ್ಸು ಬರುತ್ತಲೇ ಇರುತ್ತವೆ. ಹುಡುಗಿಯರಿಗೆ ಆಧಾರ್ ಕಾರ್ಡ್ ತೋರಿಸಿದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟೂ ಇಲ್ಲ. ಬೆಂಗಳೂರಿನ ಪಿಜಿ ಬಾಡಿಗೆ ಉಳಿಯಿತಲ್ಲ, ಅದೇ ಒಂದು ಸ್ಟೈಪೆಂಡ್ ಅಂದುಕೊಳ್ಳಿ.

ಎಂಬಿಬಿಎಸ್‌ನವರಿಗೆ ಈ ಗೋಜು ಕಮ್ಮಿ. ಅವರಿಗೆ ಒಂದು ವರ್ಷ ಎಲ್ಲಾ ವಿಭಾಗ ಸುತ್ತಿಸುವುದು ಕಡ್ಡಾಯ, ಅದರಲ್ಲಿ 12 ವಾರ ಸಮುದಾಯ ಆರೋಗ್ಯಕ್ಕೆ. ಆ 12 ವಾರವನ್ನು ರಜೆ ಥರ ಕಳೆದು ಎಂಡಿ, ಎಂಎಸ್ ಎಂಟ್ರೆನ್ಸ್‌ಗೆ ಓದುವವರೇ ಜಾಸ್ತಿ. ನನ್ನ ಪ್ರಕಾರ ಅದೇ ನಷ್ಟ, ಆದರೆ ನನ್ನ ಮಾತು ಯಾವ ಡಾಕ್ಟರ್ ಕೇಳುತ್ತಾರೆ ಬಿಡಿ. ಸಂಶೋಧನೆ ಇಷ್ಟ ಇರುವ ಎಂಬಿಬಿಎಸ್, ಬಿಡಿಎಸ್ ಮಕ್ಕಳಿಗೆ ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ನಡೆಸುವ ಎಸ್‌ಟಿಎಸ್ ಅಂತ ವಿದ್ಯಾರ್ಥಿವೇತನ ಒಂದಿದೆ. 1979ರಿಂದ ಇದೆ. ಕಾಲೇಜಿನ ಒಬ್ಬ ಗೈಡ್ ಹಿಡಿದು ಸಣ್ಣ ಪ್ರಾಜೆಕ್ಟ್ ಬರೆದು ಕಳಿಸಬೇಕು, ಆಯ್ಕೆಯಾದರೆ ಎರಡು ತಿಂಗಳ ಕೆಲಸ, ರಿಪೋರ್ಟ್ ಒಪ್ಪಿಗೆಯಾದರೆ ದುಡ್ಡೂ ಬರುತ್ತೆ. ಓದಿನ ಮೊದಲ ವರ್ಷಗಳಲ್ಲೇ ಇದನ್ನು ಯಾರಾದರೂ ಹೇಳಬೇಕು, ಹೇಳುವವರಿಲ್ಲ.

ಫಾರ್ಮಸಿ ಡಿಪ್ಲೊಮಾ, ಅದೇ ಡಿ.ಫಾರ್ಮಾ ಕಥೆಯೇ ಬೇರೆ. ಎರಡು ವರ್ಷ ಓದಿದ ಮೇಲೆ ಮೂರು ತಿಂಗಳಿಗೆ ಕಮ್ಮಿಯಿಲ್ಲದ ಹಾಗೆ 500 ಗಂಟೆ ತರಬೇತಿ ಆಗಬೇಕು, ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧಿ ಕೊಡುವ ಕೆಲಸವೇ ಆಗಿರಬೇಕು. ನಮ್ಮ ಕಡೆ ಏನಾಗುತ್ತೆ? ಮಾವನ ಮೆಡಿಕಲ್ ಶಾಪಿನಲ್ಲಿ ಸೀಲ್ ಒತ್ತಿಸಿಕೊಂಡು ಮನೆಯಲ್ಲಿ ಕೂರುತ್ತಾರೆ. ನನ್ನ ಚಿಕ್ಕಪ್ಪನ ಮಗ ಹಾಗೆ ಮಾಡಲಿಲ್ಲ, ಅಥವಾ ಮಾವ ಬಿಡಲಿಲ್ಲ ಅನ್ನಿ. ಮೊದಲ ವಾರವೇ ಮೆಟ್‌ಫಾರ್ಮಿನ್ ಚೀಟಿಗೆ ಮೆಟ್ರೋನಿಡಜೋಲ್ ತೆಗೆದಿಟ್ಟನಂತೆ. ಒಂದು ಶುಗರ್‌ಗೆ, ಇನ್ನೊಂದು ಹೊಟ್ಟೆಯ ಸೋಂಕಿಗೆ. ಮಾವ ಕೌಂಟರಿನಲ್ಲೇ ಹಿಡಿದರು. ಅವತ್ತಿನಿಂದ ಅವನು ಹೆಸರನ್ನು ಬೆರಳಿಟ್ಟು ಪೂರ್ತಿ ಓದಿಯೇ ಕೊಡುವುದು.

ಪಿಯುಸಿ ಆಗಿ ಮುಂದೇನು ಅಂತ ಗೊತ್ತಿಲ್ಲದವರಿಗೆ ಕೇಂದ್ರದ ಕೌಶಲ ತರಬೇತಿ ಯೋಜನೆ ಪಿಎಂಕೆವಿವೈ ಅಡಿಯಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ವಾರ್ಡಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕರ ಕೋರ್ಸ್ ಇದೆ. ಆ ಯೋಜನೆಯಲ್ಲಿ ಕಲಿಯುವವರು ಫೀಸ್ ಕಟ್ಟುವಂತಿಲ್ಲ, ಯಾರಾದರೂ ಕೇಳಿದರೆ ಅನುಮಾನ ಪಡಿ. ಇನ್ನೂ ಸುಲಭದ್ದು ಬೇಕಾ? ಪೋಲಿಯೋ ಭಾನುವಾರ ಬೂತಿನಲ್ಲಿ ಕೂತು ನೋಡಿ. ರಕ್ತದಾನ ಶಿಬಿರದಲ್ಲಿ ಜ್ಯೂಸ್ ಹಂಚುತ್ತಾ ನಿಲ್ಲಿ. ರಕ್ತ ನೋಡಿದರೆ ತಲೆ ಸುತ್ತುತ್ತಾ ಇಲ್ಲವಾ ಅಂತ ಲಕ್ಷಗಟ್ಟಲೆ ಫೀಸ್ ಕಟ್ಟುವ ಮೊದಲೇ ಗೊತ್ತಾಗುತ್ತೆ. ನನ್ನ ಜೊತೆ ಓದಿದವಳೊಬ್ಬಳಿಗೆ ಎರಡನೇ ವರ್ಷ ಗೊತ್ತಾಯಿತು, ಪಾಪ. ಈಗ ಬ್ಯಾಂಕಿನಲ್ಲಿದ್ದಾಳೆ, ನನಗಿಂತ ಚೆನ್ನಾಗಿದ್ದಾಳೆ.

ಒಂದು ವಿಷಯದಲ್ಲಿ ಮಾತ್ರ ಸದರ ಬೇಡ. ಪೋಸ್ಟಿಂಗ್‌ಗೆ ಹೋಗುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಮೂರು ಡೋಸ್, ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅಂದರೆ ನಾಳೆ ಪೋಸ್ಟಿಂಗ್ ಅಂದಾಗ ಇವತ್ತು ಓಡಿದರೆ ಆಗಲ್ಲ. ನಾನು ಒಮ್ಮೆ ಬಳಸಿದ ಸೂಜಿಗೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡಿದ್ದೆ. ಬಳಸಿದ ಸೂಜಿಗೆ ಮುಚ್ಚಳ ಹಾಕಲೇಬಾರದು, ನೇರ ಬಿಳಿ ಡಬ್ಬಿಗೆ ಹೋಗಬೇಕು, ಅದೂ ಗೊತ್ತಿತ್ತು. ಸೋಪು ಹಾಕಿ ತೊಳೆದೆ, ಆದರೆ ಬೈಯುತ್ತಾರೆ ಅಂತ ಸಂಜೆವರೆಗೆ ಯಾರಿಗೂ ಹೇಳಲಿಲ್ಲ. ಎಂಥ ಹುಚ್ಚುತನ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು, 72 ಗಂಟೆ ದಾಟಿದರೆ ಕೊಡುವುದಿಲ್ಲ, ಶುರು ಮಾಡಿದರೆ 28 ದಿನ ನುಂಗಬೇಕು. ನನ್ನ ಪುಣ್ಯ, ಆ ರೋಗಿಯ ರಿಪೋರ್ಟ್ ನೆಗೆಟಿವ್ ಬಂತು. ಆ ಸಂಜೆ ಮನೆಗೆ ಹೋಗಿ ಊಟ ಸೇರಲಿಲ್ಲ, ಅಮ್ಮನಿಗೆ ತಲೆನೋವು ಅಂತ ಸುಳ್ಳು ಹೇಳಿದ್ದೆ. ಅಮ್ಮ ಈ ಬರಹ ಓದಿದರೆ ಇವತ್ತು ಗೊತ್ತಾಗುತ್ತೆ.

ಲಾಗ್‌ಬುಕ್ ಅಂತ ಒಂದು ಕೊಡುತ್ತಾರೆ. ಅವತ್ತು ಮಾಡಿದ ಕೆಲಸಕ್ಕೆ ಅವತ್ತೇ ಸಹಿ ಹಾಕಿಸಿಕೊಳ್ಳಿ. ಕೊನೆಯ ತಿಂಗಳು ಎಲ್ಲಾ ಸಹಿ ಒಟ್ಟಿಗೆ ಅಂದರೆ ಆ ಡಾಕ್ಟರು ಟ್ರಾನ್ಸ್‌ಫರ್ ಆಗಿರುತ್ತಾರೆ, ಇಲ್ಲಾ ಮಗಳ ಮದುವೆಗೆ ಹೋಗಿರುತ್ತಾರೆ. ಮತ್ತೆ ಅಟೆಂಡರ್ ಅಣ್ಣಂದಿರನ್ನೂ ಸಿಸ್ಟರ್‌ಗಳನ್ನೂ ಚೆನ್ನಾಗಿ ಮಾತಾಡಿಸಿ. ಮಕ್ಕಳ ನರ ಹಿಡಿಯುವುದನ್ನು ನನಗೆ ಕಲಿಸಿದ್ದು ಯಾವ ಪ್ರೊಫೆಸರೂ ಅಲ್ಲ, ವಾರ್ಡಿನ ಒಬ್ಬ ಹಿರಿಯ ಸಿಸ್ಟರ್. ಮಗುವಿನ ಕೈ ಹಿಡಿಯುವ ಮೊದಲು ಅವರು ಅದರ ತಾಯಿಯ ಜೊತೆ ಎರಡು ನಿಮಿಷ ಊರು, ಮನೆ ಅಂತ ಮಾತಾಡುತ್ತಿದ್ದರು. ತಾಯಿ ಸಮಾಧಾನ ಆದರೆ ಮಗು ಅರ್ಧ ಅಳು ನಿಲ್ಲಿಸುತ್ತಿತ್ತು.

ಅಕ್ಕನ ಮಗಳು ನಿನ್ನೆ ಮತ್ತೆ ಫೋನ್ ಮಾಡಿದ್ದಳು. ಬೆಂಗಳೂರು ಬಿಟ್ಟಳು. ದಾವಣಗೆರೆಯಲ್ಲೇ ಒಂದು ಆಸ್ಪತ್ರೆಯಲ್ಲಿ ವಿಚಾರಿಸಿದ್ದಾಳೆ, ಎರಡನೇ ವಾರದಿಂದಲೇ ಕಲೆಕ್ಷನ್‌ಗೆ ಕೂರಿಸುತ್ತಾರಂತೆ, ತಿಂಗಳಿಗೆ ನಾಲ್ಕು ನೈಟ್ ಡ್ಯೂಟಿ ಇದೆಯಂತೆ. ನಮ್ಮ ಮನೆಯಲ್ಲೇ ಇರುತ್ತಾಳೆ, ರೂಮು ಖಾಲಿ ಮಾಡಬೇಕು.

"ಏನೇನು ತರ್ಲಿ ಚಿಕ್ಕಮ್ಮ?" ಅಂದಳು.

ಬೆರಳು ಕಾಣದ ಹಾಗೆ ಮುಚ್ಚುವ ಶೂ ತಾ, ಎರಡು ಏಪ್ರನ್ ತಾ, ಲಸಿಕೆ ಕಾರ್ಡ್ ಮರೆಯಬೇಡ ಅಂದೆ. ಪೆನ್ನು ಮಾತ್ರ ಒಂದು ಡಬ್ಬಿಯೇ ತಾ. ಬೆಳಿಗ್ಗೆ ಒಬ್ಬರು ಡಾಕ್ಟರು "ಒಂದು ನಿಮಿಷ ಕೊಡಮ್ಮ" ಅಂತ ತಗೊಳ್ಳುತ್ತಾರೆ, ಆಮೇಲೆ ಆ ಪೆನ್ನು ನಿನ್ನದಲ್ಲ.