ಐದು ಜಯಮಾಲೆಗಳ ಚಾರ್ಟನ್ನು ಗೋಡೆಯಿಂದ ಇಳಿಸಿ

ಬೈಬಲ್ ಸ್ಟಡಿಯಲ್ಲಿ ಎರಡನೇ ಬರೋಣದ, ಅಂದರೆ ಕ್ರಿಸ್ತ ಮತ್ತೆ ಬರುವುದರ, ಪಾಠ ಶುರುವಾಯಿತೆಂದರೆ ಒಂದು ಚಾರ್ಟ್ ಬಂದೇ ಬರುತ್ತದೆ: ವಿಶ್ವಾಸಿಗಳಿಗೆ ಸಿಗುವ ಐದು ಜಯಮಾಲೆಗಳು. ಬಾಡದ ಮಾಲೆ ಮಿತವಾಗಿ ಬದುಕಿದವರಿಗೆ, ಜೀವದ್ದು ಕಷ್ಟ ಸಹಿಸಿದವರಿಗೆ, ನೀತಿಯದ್ದು ಬರೋಣಕ್ಕೆ ಕಾದವರಿಗೆ, ಪ್ರಭಾವದ್ದು (ಮಹಿಮೆಯದ್ದು) ಸಭಾಪಾಲಕರಿಗೆ, ಸಂತೋಷದ್ದು ಆತ್ಮಗಳನ್ನು ಗೆದ್ದವರಿಗೆ, ಅಂದರೆ ಇತರರನ್ನು ನಂಬಿಕೆಗೆ ತಂದವರಿಗೆ. ಥೇಟ್ ಶಾಲಾ ವಾರ್ಷಿಕೋತ್ಸವದ ಬಹುಮಾನ ಪಟ್ಟಿ. ಬಾಯಿಪಾಠಕ್ಕೆ ಸುಲಭ, ಆದರೆ ಆ ಐದೂ ವಚನಗಳನ್ನು ತೆರೆದು ಓದಿದರೆ ಪಟ್ಟಿ ನಿಲ್ಲುವುದಿಲ್ಲ.

ಯಾಕೋಬ 1:12ರಿಂದ ಶುರುಮಾಡಿ. ಅಲ್ಲಿರುವುದು 'ಜೀವದ ಜಯಮಾಲೆ' ಅಲ್ಲ, 'ಜೀವವೆಂಬ ಜಯಮಾಲೆ'. ಗ್ರೀಕಿನಲ್ಲಿರುವುದು ಬರೀ ಷಷ್ಠೀ ವಿಭಕ್ತಿ. ಅದನ್ನು ಹೇಗೂ ಓದಬಹುದಿತ್ತು. ನಮ್ಮ ಸತ್ಯವೇದದ (ಕನ್ನಡ ಬೈಬಲಿನ) ಭಾಷಾಂತರಕಾರರು 'ಎಂಬ' ಹಾಕಿ ಗಂಟು ಬಿಡಿಸಿಟ್ಟಿದ್ದಾರೆ: ಜೀವವೇ ಆ ಮಾಲೆ. ನಿತ್ಯಜೀವದ ಜೊತೆಗೆ ಕೊಡುವ ಹೆಚ್ಚುವರಿ ಪದಕ ಅದಲ್ಲ. ವಾಗ್ದಾನ ಯಾರಿಗೆ? ದೇವರನ್ನು ಪ್ರೀತಿಸುವವರಿಗೆ, ಅಂದರೆ ಎಲ್ಲ ವಿಶ್ವಾಸಿಗಳಿಗೆ. ಪ್ರಕಟನೆ 2:10ರಲ್ಲೂ ಅದೇ ಮಾಲೆ. ಮರುವಚನದಲ್ಲೇ 'ಎರಡನೆಯ ಮರಣ'ದ, ಅಂದರೆ ನಿತ್ಯನಾಶದ, ಮಾತು ಬರುವುದರಿಂದ ಅರ್ಥ ಇನ್ನೂ ಖಚಿತ.

2 ತಿಮೊಥೆಯ 4:8ರ ಮಾಲೆಯೂ ಪತ್ರ ಬರೆದ ಅಪೊಸ್ತಲ ಪೌಲನಿಗೆ ಮಾತ್ರವಲ್ಲ, ಕರ್ತನ ಬರೋಣವನ್ನು ಪ್ರೀತಿಸುವ ಎಲ್ಲರಿಗೂ ಎಂದು ಆ ವಚನವೇ ಹೇಳುತ್ತದೆ. ಇನ್ನು ಆ 'ಆತ್ಮಗಳನ್ನು ಗೆದ್ದವರ ಮಾಲೆ'! 1 ಥೆಸಲೋನಿಕ 2:19ರಲ್ಲಿ ಪೌಲ ಕೇಳುವುದು, ನಮ್ಮ ಜಯಮಾಲೆ ಯಾರು, ನೀವೇ ಅಲ್ಲವೇ ಎಂದು. ಅಲ್ಲಿ ಮಾಲೆ ಎಂದರೆ ಥೆಸಲೋನಿಕದ ಆ ಮನುಷ್ಯರೇ. ತಲೆಗೆ ಇಡುವ ವಸ್ತುವೇ ಅಲ್ಲಿಲ್ಲ. 1 ಪೇತ್ರ 5:4 ಮಾತ್ರ ನಿಜವಾಗಿ ಒಂದು ಗುಂಪಿಗೆ, ಸಭೆಯ ಹಿರಿಯರಿಗೆ, ಹೇಳಿದ ಮಾತು.

ಭಾಷಾಂತರಕಾರರು 'ಕಿರೀಟ' ಅನ್ನದೆ 'ಜಯಮಾಲೆ' ಅಂದದ್ದೂ ಒಳ್ಳೆಯ ಆಯ್ಕೆ. ಗ್ರೀಕಿನಲ್ಲಿ ಅರಸನ ಮುಕುಟಕ್ಕೆ 'ದಿಯಾದೆಮ', ಗೆದ್ದವನ ಮಾಲೆಗೆ 'ಸ್ತೆಫನೊಸ್'. ಈ ಐದು ಕಡೆಯೂ ಇರುವುದು ಎರಡನೆಯದು. ಕೊರಿಂಥದ ಪಕ್ಕದ ಇಸ್ತ್ಮಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಕ್ರೀಡೆಗಳಲ್ಲಿ ಪೈನ್ ರೆಂಬೆಯ ಮಾಲೆ, ಕಾಡು ಸೆಲರಿಯ ಮಾಲೆ ಎರಡೂ ಇದ್ದವು. ಸೆಲರಿ ನಮ್ಮ ಕೊತ್ತಂಬರಿಯ ಬಳಗದ ಸೊಪ್ಪು. ಅದರಲ್ಲೂ ಇಸ್ತ್ಮಿಯಾದವರು ಇಡುತ್ತಿದ್ದದ್ದು ಒಣಗಿದ ಸೆಲರಿ. ತಲೆಗೇರುವ ಹೊತ್ತಿಗೇ ಬಾಡಿದ್ದು. 1 ಕೊರಿಂಥ 9:25ರ 'ಬಾಡಿಹೋಗುವ' ಎಂಬ ಮಾತು ಆ ಊರಿನವರಿಗೆ ಎಲ್ಲಿ ತಟ್ಟಿರಬೇಕು ನೋಡಿ.

ಹಾಗಾದರೆ ಪ್ರತಿಫಲದಲ್ಲಿ ಹೆಚ್ಚುಕಡಿಮೆಯೇ ಇಲ್ಲವೇ? ಇದೆ, ಆದರೆ ಅದಕ್ಕೆ ಓದಬೇಕಾದ ಜಾಗ ಬೇರೆ: 1 ಕೊರಿಂಥ 3:5-15. ಇದನ್ನು 10ನೇ ವಚನದಿಂದ ಓದುವುದೇ ಮೊದಲ ತಪ್ಪು. 5ರಿಂದ ಓದಿದರೆ ಪೌಲ ನೆಟ್ಟವನು, ಇನ್ನೊಬ್ಬ ಬೋಧಕ ಅಪೊಲ್ಲೋಸ ನೀರು ಹೊಯ್ದವನು. 10ರಿಂದ ಬರುವುದು ಕಟ್ಟಡದ ಹೋಲಿಕೆ, ಅಲ್ಲಿ ಕಟ್ಟುವವರೆಂದರೆ ಮೊದಲು ಸಭೆಯ ಬೋಧಕರು ಎಂಬುದು ಗೊತ್ತಾಗುತ್ತದೆ. ಸಾಮಗ್ರಿ ಆರು: ಚಿನ್ನ, ಬೆಳ್ಳಿ, ರತ್ನ, ಕಟ್ಟಿಗೆ, ಹುಲ್ಲು, ಆಪು. ಆಪು ಎಂದರೆ ಕೆರೆಯಂಚಿನ ಜೊಂಡು. ಪ್ರತಿಯೊಂದಕ್ಕೂ ಒಂದೊಂದು ಗೂಢಾರ್ಥ ಹುಡುಕುವ ಗೋಜು ಬೇಡ. ಸುಡುವುದು, ಸುಡದಿರುವುದು, ಅಷ್ಟೇ ವಿಂಗಡಣೆ. ಬೆಂಕಿ ಪರೀಕ್ಷಿಸುವುದು ಕೆಲಸವನ್ನು, ಆಳನ್ನಲ್ಲ. ಕೆಲಸ ಸುಟ್ಟುಹೋದವನಿಗೆ ನಷ್ಟ, ಆದರೆ ಅವನು ಉರಿಯುವ ಮನೆಯಿಂದ ಓಡಿಬಂದವನ ಹಾಗೆ ಪಾರಾಗುತ್ತಾನೆ. ಕಥೋಲಿಕರು 15ನೇ ವಚನದಲ್ಲಿ ಮರಣಾನಂತರದ ಶುದ್ಧೀಕರಣವನ್ನು ಕಾಣುತ್ತಾರೆ. ಪ್ರೊಟೆಸ್ಟಂಟರು ಒಪ್ಪುವುದಿಲ್ಲ, 13ನೇ ವಚನದ 'ಆ ದಿನ' ಎಂದರೆ ತೀರ್ಪಿನ ದಿನ ಎನ್ನುತ್ತಾರೆ.

ಇನ್ನೊಂದು ಎಡವಟ್ಟು 2 ಕೊರಿಂಥ 5:10ರ, ನಾವೆಲ್ಲರೂ ನಿಲ್ಲಬೇಕಾದ ಕ್ರಿಸ್ತನ ನ್ಯಾಯಾಸನದ್ದು. ಮೂಲದ 'ಬೇಮಾ' ಬರೀ ಬಹುಮಾನ ಕೊಡುವ ವೇದಿಕೆ, ಅಲ್ಲಿ ಬೈಗುಳವಿಲ್ಲ ಎಂದು ಹೇಳಿಕೊಡುವವರಿದ್ದಾರೆ. ಕೊರಿಂಥದ ಚೌಕದಲ್ಲಿ ಕಲ್ಲಿನ ಬೇಮಾ ಅಗೆತದಲ್ಲಿ ಸಿಕ್ಕಿದೆ, ಇಂದಿಗೂ ನೋಡಬಹುದು. ಅಪೊಸ್ತಲರ ಕೃತ್ಯಗಳು 18ರಲ್ಲಿ ರೋಮನ್ ಅಧಿಪತಿ ಗಲ್ಲಿಯೋನನ ಬೇಮಾದ ಮುಂದೆ ಪೌಲ ನಿಂತದ್ದು ಆರೋಪಿಯಾಗಿ. ಯೇಸುವಿಗೆ ತೀರ್ಪು ಕೊಡಲು ಪಿಲಾತ ಕೂತದ್ದೂ ಬೇಮಾದ ಮೇಲೆಯೇ. ವಚನದಲ್ಲೇ 'ಒಳ್ಳೇದಕ್ಕಾಗಲಿ ಕೆಟ್ಟದ್ದಕ್ಕಾಗಲಿ' ಎಂದಿರುವಾಗ ಅರ್ಧ ನುಂಗುವುದು ಸರಿಯಲ್ಲ.

ಈ ತೀರ್ಪು ಯಾವಾಗ ಎಂಬ ಪ್ರಶ್ನೆಗೆ ಉತ್ತರ ಸಭೆಯಿಂದ ಸಭೆಗೆ ಬೇರೆ. ಬ್ರದರನ್ ಮತ್ತು ಬಹುಪಾಲು ಪೆಂತೆಕೊಸ್ತ್ ಸಭೆಗಳ ಕ್ರಮ: ಸಭೆ (ವಿಶ್ವಾಸಿಗಳೆಲ್ಲ) ಪರಲೋಕಕ್ಕೆ ಎತ್ತಲ್ಪಡುವುದು, ಅವರಿಗೆ ನ್ಯಾಯಾಸನ, ಭೂಮಿಯಲ್ಲಿ 7 ವರ್ಷದ ಸಂಕಟ, ಕ್ರಿಸ್ತನ 1000 ವರ್ಷದ ಆಳ್ವಿಕೆ, ಕೊನೆಗೆ ಅವಿಶ್ವಾಸಿಗಳಿಗೆ ಪ್ರಕಟನೆ 20ರ ಬಿಳೀ ಸಿಂಹಾಸನದ ತೀರ್ಪು. ಕಥೋಲಿಕರು, ಲೂಥರನ್ನರು ಲೋಕಾಂತ್ಯದಲ್ಲಿ ಎಲ್ಲರಿಗೂ ಒಂದೇ ತೀರ್ಪು ಎನ್ನುತ್ತಾರೆ. ಪಾಠ ಮಾಡುವವರು ತಮ್ಮದು ಯಾವುದೆಂದು ಮೊದಲೇ ಹೇಳಿಬಿಡಲಿ. ಇಲ್ಲದಿದ್ದರೆ ಪೂರ್ತಿ ಒಂದು ಗಂಟೆ ಇದಕ್ಕೇ ಹೋಗುತ್ತದೆ.

ಪ್ರತಿಫಲದ ಹೆಚ್ಚುಕಡಿಮೆಯ ವಿಷಯಕ್ಕೆ ಯೇಸು ಹೇಳಿದ ಮೂರು ಸಾಮ್ಯಗಳನ್ನು (ದೃಷ್ಟಾಂತ ಕಥೆಗಳನ್ನು) ಒಟ್ಟಿಗೆ ಓದಿಸಿ. ಲೂಕ 19ರಲ್ಲಿ ಹತ್ತು ಆಳುಗಳಿಗೆ ವ್ಯಾಪಾರಕ್ಕೆಂದು ತಲಾ ಒಂದು ಮಿನಾ ಹಣ. ಅದನ್ನು ಹತ್ತು ಮಾಡಿದವನಿಗೆ 10 ಊರು, ಐದು ಮಾಡಿದವನಿಗೆ 5. ಮತ್ತಾಯ 25ರಲ್ಲಿ ಐದು ತಲಾಂತಿನವನಿಗೂ (ತಲಾಂತೂ ಹಣದ ಲೆಕ್ಕವೇ) ಎರಡರವನಿಗೂ ಅಕ್ಷರ ಬಿಡದೆ ಒಂದೇ 'ಭಲಾ'. ಮತ್ತಾಯ 20ರಲ್ಲಿ ಮುಂಜಾನೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ದಿನಗೂಲಿ. ಒಂದನ್ನೇ ಹಿಡಿದರೆ ಪರಲೋಕ ಪ್ರಮೋಷನ್ ಪಟ್ಟಿಯಾಗುತ್ತದೆ, ಇಲ್ಲವೇ ದುಡಿಮೆಗೆ ಬೆಲೆಯೇ ಇಲ್ಲದಂತಾಗುತ್ತದೆ.

ಕೊನೆಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: ಅಲ್ಲೂ ಹೆಚ್ಚುಕಡಿಮೆ ಇದ್ದರೆ ಹೊಟ್ಟೆಕಿಚ್ಚು ಬರಲ್ವಾ? ಆಗ ಪ್ರಕಟನೆ 4:10 ತೆರೆಸಿ. ಪರಲೋಕದಲ್ಲಿ ದೇವರ ಸಿಂಹಾಸನದ ಸುತ್ತಲಿರುವ ಆ 24 ಹಿರಿಯರು ಯಾರ ಮಾಲೆ ದೊಡ್ಡದೆಂದು ನೋಡುತ್ತ ಕೂತಿಲ್ಲ, ತಲೆಯ ಮೇಲಿದ್ದುದನ್ನು ತೆಗೆದು ಸಿಂಹಾಸನದ ಮುಂದೆ ಹಾಕುತ್ತಿದ್ದಾರೆ.